ಪೆಟ್ಜೋಲ್ಡ್ ಓದುವುದಾ, ನ್ಯಾಂಡ್ ಗೇಟಿನಿಂದ ಕಟ್ಟುವುದಾ?

ಕಂಪ್ಯೂಟರ್ ಒಳಗೆ ನಿಜಕ್ಕೂ ಏನಾಗುತ್ತದೆ ಎಂದು ಕೇಳಿದರೆ ಹೆಚ್ಚಾಗಿ ಎರಡು ಪುಸ್ತಕಗಳ ಹೆಸರು ಬರುತ್ತದೆ. ಚಾರ್ಲ್ಸ್ ಪೆಟ್ಜೋಲ್ಡ್ ಬರೆದ 'ಕೋಡ್' ಒಂದು. ನೋಮ್ ನಿಸಾನ್, ಶಿಮೋನ್ ಶೋಕೆನ್ ಬರೆದ 'ದಿ ಎಲಿಮೆಂಟ್ಸ್ ಆಫ್ ಕಂಪ್ಯೂಟಿಂಗ್ ಸಿಸ್ಟಮ್ಸ್' ಇನ್ನೊಂದು. ಇದನ್ನು ಎಲ್ಲರೂ ಕರೆಯುವುದು 'ನ್ಯಾಂಡ್ ಟು ಟೆಟ್ರಿಸ್' ಎಂದೇ.

'ಕೋಡ್' ಶುರುವಾಗುವುದು ಟಾರ್ಚಿನಿಂದ. ಮಲಗುವ ಹೊತ್ತಾಗಿದೆ, ಎದುರು ಮನೆಯ ಗೆಳೆಯನ ಜೊತೆ ಇನ್ನೂ ಮಾತು ಮುಗಿದಿಲ್ಲ. ಏನು ಮಾಡೋದು? ಅಲ್ಲಿಂದ ಮೋರ್ಸ್, ಬ್ರೈಲ್, ಟೆಲಿಗ್ರಾಫ್, ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು). ರಿಲೇ ಜೋಡಿಸಿ ಗೇಟು (0, 1 ತೆಗೆದುಕೊಂಡು 0 ಅಥವಾ 1 ಕೊಡುವ ಸರ್ಕ್ಯೂಟು), ಗೇಟು ಜೋಡಿಸಿ ಕೂಡುವ ಯಂತ್ರ. ಬಸ್ಸಿನಲ್ಲಿ ಕೂತು ಓದಿಸಿಕೊಂಡು ಹೋಗುತ್ತದೆ. ಫ್ಲಿಪ್‌ಫ್ಲಾಪ್ (ಒಂದು ಬಿಟ್ ನೆನಪಿಡುವ ಸರ್ಕ್ಯೂಟು) ಬಂದ ಮೇಲೆ ಮಾತ್ರ ಚಿತ್ರಗಳ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಬೇಕು. 1999ರ ಪುಸ್ತಕ ಇದು. ಕೊಳ್ಳುವುದಾದರೆ 2022ರ ಎರಡನೇ ಆವೃತ್ತಿಯನ್ನೇ ಕೊಳ್ಳಿ, ಸಿಪಿಯು ಕಟ್ಟುವ ಭಾಗ ಅದರಲ್ಲಿ ವಿವರವಾಗಿದೆ.

'ನ್ಯಾಂಡ್ ಟು ಟೆಟ್ರಿಸ್' ಸುಮ್ನೆ ಓದುವ ಪುಸ್ತಕವೇ ಅಲ್ಲ. ಕೈಗೆ ಒಂದು ನ್ಯಾಂಡ್ ಗೇಟು (ಎರಡು ಇನ್‌ಪುಟ್ಟೂ 1 ಆದಾಗ ಮಾತ್ರ 0 ಕೊಡುವ ಗೇಟು) ಕೊಟ್ಟು, ಉಳಿದದ್ದನ್ನು ನೀನೇ ಮಾಡಿಕೋ ಅನ್ನುತ್ತದೆ. ನಾಲ್ಕು ನ್ಯಾಂಡ್‌ನಿಂದ ಎಕ್ಸಾರ್ (ಎರಡು ಇನ್‌ಪುಟ್ ಬೇರೆ ಬೇರೆ ಇದ್ದಾಗ ಮಾತ್ರ 1 ಕೊಡುವ ಗೇಟು) ಆಗುತ್ತದೆ ಎಂದು ಓದುವುದು ಬೇರೆ, ನಾವು ಕಟ್ಟಿದ್ದನ್ನು ಪರೀಕ್ಷಿಸುವ ಸಿಮ್ಯುಲೇಟರ್ 'ತಾಳೆಯಾಗಲಿಲ್ಲ' ಎಂದು ಹೇಳುತ್ತಲೇ ಇರುವಾಗ ಪೇಪರಿನಲ್ಲಿ ಗೀಚುವುದು ಬೇರೆ. ಕೊನೆಗೆ ಸಿಗುವುದು ಹ್ಯಾಕ್ ಎಂಬ 16 ಬಿಟ್ ಯಂತ್ರ. ಅದಕ್ಕೆ ಗುಣಿಸಲು ಬರುವುದಿಲ್ಲ! ಎರಡು ಸಂಖ್ಯೆ ಗುಣಿಸಬೇಕೆಂದರೆ ಮತ್ತೆ ಮತ್ತೆ ಕೂಡುವ ಲೂಪನ್ನು ಅಸೆಂಬ್ಲಿಯಲ್ಲಿ (ಯಂತ್ರಭಾಷೆಯನ್ನೇ ಚಿಕ್ಕ ಪದಗಳಲ್ಲಿ ಬರೆಯುವ ರೂಪದಲ್ಲಿ) ನಾವೇ ಬರೆಯಬೇಕು. ನನಗೆ ಯಂತ್ರಭಾಷೆ ಹಿಡಿತಕ್ಕೆ ಬಂದದ್ದು ಆ ಪುಟ್ಟ ಪ್ರೋಗ್ರಾಮಿನಲ್ಲೇ. ಆಮೇಲೆ ಅಸೆಂಬ್ಲಿಯನ್ನು ಯಂತ್ರಭಾಷೆಗೆ ತಿರುಗಿಸುವ ಅಸೆಂಬ್ಲರ್, ಪ್ರೋಗ್ರಾಮಿಂಗ್ ಭಾಷೆಯನ್ನು ಯಂತ್ರದತ್ತ ಇಳಿಸುವ ಕಂಪೈಲರ್, ಆಪರೇಟಿಂಗ್ ಸಿಸ್ಟಮ್, ಒಟ್ಟು 12 ಪ್ರಾಜೆಕ್ಟ್. ಸಾಫ್ಟ್‌ವೇರ್ ಉಚಿತ. ಕಂಪೈಲರ್ ಭಾಗಕ್ಕೆ ಬರುವಷ್ಟರಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ಕೋಡ್ ಬರೆದು ರೂಢಿ ಇರಲೇಬೇಕು.

ಒಂದನ್ನೇ ಆರಿಸು ಅಂದರೆ ನನ್ನ ಓಟು 'ನ್ಯಾಂಡ್ ಟು ಟೆಟ್ರಿಸ್'ಗೆ. ಆದರೆ ಪಿಯುಸಿ ಹುಡುಗಿಗೋ ಕಾಮರ್ಸ್ ಓದಿದ ಗೆಳೆಯನಿಗೋ ಕೊಡುವುದಾದರೆ 'ಕೋಡ್' ಕೊಡುತ್ತೇನೆ.

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಪುಸ್ತಕದ ವಿಷಯದಲ್ಲಿ ಇಷ್ಟು ಯೋಚಿಸಬೇಕಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯಶವಂತ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ' ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಪಾಯಿಂಟರನ್ನು (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಹೆದರಿಸದೆ ಹೇಳಿಕೊಡುತ್ತದೆ, ಅಭ್ಯಾಸದ ಪ್ರಶ್ನೆಗಳೂ ಜಾಸ್ತಿ. ಹಳೆಯ ಪ್ರತಿ ಸಿಕ್ಕಿದರೆ ಮಾತ್ರ ಹುಷಾರು. ಅದು ಟರ್ಬೋ ಸಿ ಎಂಬ ಹಳೆಯ ಕಂಪೈಲರಿನ ಕಾಲದ್ದು. ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ 2 ಬೈಟ್, 32767ರವರೆಗೆ ಅನ್ನುತ್ತದೆ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಎಂಬ ಕಂಪೈಲರ್ ಹಾಕಿ ನೋಡಿದರೆ 4 ಬೈಟ್. ಕೆರ್ನಿಹಾನ್, ರಿಚಿ ಜೋಡಿಯ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಇನ್ನೂ ಹಳೆಯದು, ಎರಡನೇ ಆವೃತ್ತಿಯೇ 1988ರದ್ದು. ಆದರೂ ಇಂಟ್ ಎಷ್ಟು ದೊಡ್ಡದೆಂಬುದು ಯಂತ್ರಕ್ಕೆ ಬಿಟ್ಟದ್ದು ಎಂದು ಅದು ಆಗಲೇ ಹೇಳಿತ್ತು. ಬೇಗ ಹಳತಾಗುವುದಿಲ್ಲ. ಮೊದಲ ಭಾಷೆ ಕಲಿಯುವವರಿಗೆ ಮಾತ್ರ ಕಷ್ಟ, ಒಂದು ಸಾಲಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದೇ ಇಲ್ಲ.

ಇಂಟರ್‌ಫೇಸ್ (ಜನ ನೋಡಿ, ಒತ್ತಿ ಬಳಸುವ ಭಾಗದ) ವಿನ್ಯಾಸಕ್ಕೆ ಡಾನ್ ನಾರ್ಮನ್ ಅವರ 'ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್' ಮತ್ತು ಸ್ಟೀವ್ ಕ್ರುಗ್ ಅವರ 'ಡೋಂಟ್ ಮೇಕ್ ಮಿ ಥಿಂಕ್'. ನಾರ್ಮನ್ ಒಲೆಯ ಉದಾಹರಣೆ ಕೊಡುತ್ತಾರೆ: ಬರ್ನರ್ ನಾಲ್ಕು ಚೌಕಾಕಾರದಲ್ಲಿ, ನಾಬ್ ನಾಲ್ಕು ಒಂದೇ ಸಾಲಿನಲ್ಲಿ. ಯಾವ ನಾಬ್ ಯಾವ ಬರ್ನರ್‌ಗೆ? ನಮ್ಮ ಅಡುಗೆಮನೆಯಲ್ಲೂ ಇದೇ ಕಥೆ ಅಲ್ವಾ. ಆ ಕಣ್ಣು ಒಮ್ಮೆ ಬಂದರೆ ಲಿಫ್ಟಿನ ಬಟನ್ನೂ ಸುಮ್ಮನೆ ಬಿಡುವುದಿಲ್ಲ. ಆದರೆ ಮೊದಲ ಅಧ್ಯಾಯಗಳ ಹುರುಪು ಕೊನೆಯವರೆಗೆ ಉಳಿಯುವುದಿಲ್ಲ.

ಕ್ರುಗ್ ಪುಸ್ತಕ ತೆಳ್ಳಗಿದೆ, ವೆಬ್ ಪುಟಗಳ ಬಗ್ಗೆಯೇ ಇದೆ. ಪುಟದಲ್ಲಿರುವ ಮಾತಿನಲ್ಲಿ ಅರ್ಧ ತೆಗೆ, ಉಳಿದದ್ದರಲ್ಲೂ ಅರ್ಧ ತೆಗೆ ಅನ್ನುತ್ತಾರೆ. ಒಂದು ನೋಂದಣಿ ಫಾರಂ ಮೇಲೆ ಮಾಡಿ ನೋಡಿದೆ. ಮೇಲಿದ್ದ ಸ್ವಾಗತದ ಪ್ಯಾರಾ ಹೋಯಿತು, ಸೂಚನೆಗಳು ಹೋದವು. ಕೊನೆಗೆ ಉಳಿದದ್ದು ಹೆಸರು, ಫೋನ್ ನಂಬರ್ ಮತ್ತು ಒಂದು ಬಟನ್. ನಾಳೆಯೇ ಒಂದು ಪುಟ ಸರಿಮಾಡಬೇಕಿದ್ದರೆ ಕ್ರುಗ್. ರಜೆ ಇದ್ದರೆ ನಾರ್ಮನ್.