ಒಂದು ಅರ್ಕಾವತ್ತು ಮತ್ತು ಏಳೂವರೆ ಸಾವಿರ ರೂಪಾಯಿ

ಯಾರಾದರೂ ‘ಮೈಸೂರು ಸಂಸ್ಥಾನದ ಅಂಚೆಚೀಟಿ’ ಎಂದು ನಿಮ್ಮ ಮುಂದೆ ಹಿಡಿದರೆ ದಯವಿಟ್ಟು ಜೇಬಿಗೆ ಕೈ ಹಾಕಬೇಡಿ. ಅಂಥ ವಸ್ತುವೇ ಇಲ್ಲ. ಇದನ್ನು ನಾನು ಏಳೂವರೆ ಸಾವಿರ ರೂಪಾಯಿ ಕೊಟ್ಟು ಕಲಿತೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನು ಕನ್ನಡದ ಒಂದು ಪದವನ್ನು ಸರಿಯಾಗಿ ಓದದೆ ಮೋಸಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಹಳೆಯ ನಾಣ್ಯ, ನೋಟು, ಅಂಚೆಚೀಟಿ ಮಾರುವವರು ಸೇರಿದ್ದ ಒಂದು ಭಾನುವಾರದ ಕೂಟ. ವ್ಯಾಪಾರಿಯೊಬ್ಬ ಪ್ಲಾಸ್ಟಿಕ್ ಲಕೋಟೆಯಿಂದ ನಾಲ್ಕು ಚೀಟಿಗಳನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಹೊರತೆಗೆದ. ನಡುವೆ ಗಂಡಭೇರುಂಡ, ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೈಸೂರು, ಕೆಳಗಿನ ಪಟ್ಟಿಯಲ್ಲಿ ಕನ್ನಡ. ಆ ಕನ್ನಡದ ಮೇಲೆ ದುಂಡನೆಯ ಕಪ್ಪು ಮೊಹರು. ಮೊಹರಿನಲ್ಲಿ 1886 ಎಂಬ ಇಸವಿ ಮಾತ್ರ ಸ್ಪಷ್ಟವಾಗಿತ್ತು. ‘ಮೇಷ್ಟ್ರೇ, ಮೈಸೂರು ಅಂಚೆಯ ಚೀಟಿ ಇದು. ನಿಮ್ಮಂಥವರ ಹತ್ತಿರವೇ ಇರಬೇಕು’ ಎಂದ. ಹೊಗಳಿಕೆಗೆ ಬಗ್ಗದ ಮೇಷ್ಟ್ರು ಎಲ್ಲಿದ್ದಾರೆ?

ಅವನ ವಾದವೂ ತೆಗೆದುಹಾಕುವಂತಿರಲಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಆರಂಭಿಸಿದ್ದು ನನಗೂ ಗೊತ್ತಿತ್ತು. ತಿರುವಾಂಕೂರು 1888ರಲ್ಲಿ, ಕೊಚ್ಚಿ 1892ರಲ್ಲಿ ತಮ್ಮದೇ ಚೀಟಿಗಳನ್ನು ಹೊರಡಿಸಿದ್ದೂ ನಿಜ. ನಮ್ಮ ‘ಅಂಚೆ’ಯ ದಾಯಾದಿ ಪದವಾದ ‘ಅಂಚಲ್’ ಅವುಗಳ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಅಚ್ಚಾಗಿದೆ. ‘ಅವರಿಗಿದ್ದದ್ದು ನಮ್ಮ ಮಹಾರಾಜರಿಗೆ ಇರಲಿಲ್ಲವೇ?’ ಎಂದು ಆತ ಕೇಳಿದಾಗ ನನ್ನ ಅಭಿಮಾನ ತಲೆಯಾಡಿಸಿತು. ಇರಲಿಲ್ಲ ಎಂಬುದೇ ಸರಿಯಾದ ಉತ್ತರ. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅಲ್ಲಿಯವರೆಗೂ ಅದು ಪತ್ರಕ್ಕೆ ಅಂಟಿಸುವ ಚೀಟಿಯನ್ನು ಹೊರಡಿಸಲೇ ಇಲ್ಲ.

ಸಂಸ್ಥಾನ ಹೊರಡಿಸಿದ್ದು ರಸೀದಿಗೆ, ದಾವೆಯ ಕಾಗದಕ್ಕೆ ಅಂಟಿಸುವ ಚೀಟಿಗಳನ್ನು, ಎಂದರೆ ಕಂದಾಯದ ಸ್ಟಾಂಪುಗಳನ್ನು. ಚೀಟಿಯ ಮೇಲೆ ಮೈಸೂರು ಎಂದಿದ್ದರೆ ಅದನ್ನು ಹೊರಡಿಸಿದವರು ಯಾರು ಎಂದು ಗೊತ್ತಾಗುತ್ತದೆ, ಅಷ್ಟೇ. ಯಾತಕ್ಕಾಗಿ ಹೊರಡಿಸಿದರು ಎಂಬುದನ್ನು ಹೇಳುವ ಪದ ಬೇರೆ ಇರುತ್ತದೆ. ಸಾಮಾನ್ಯವಾಗಿ ಚಿಕ್ಕ ಅಕ್ಷರಗಳಲ್ಲಿ, ಅಂಚಿನ ಪಟ್ಟಿಯಲ್ಲಿ. ಎರಡೂ ಕೆಲಸಕ್ಕೆ ಆಗುವ ಚೀಟಿಗಳೂ ಇವೆ. 1906ರಲ್ಲಿ ಏಳನೇ ಎಡ್ವರ್ಡನ ಅರ್ಧ ಆಣೆ, ಒಂದಾಣೆ ಚೀಟಿಗಳ ಮೇಲೆ ‘ಇಂಡಿಯಾ ಪೋಸ್ಟೇಜ್ ಅಂಡ್ ರೆವಿನ್ಯೂ’ ಎಂದು ಅಚ್ಚು ಹಾಕಿದ್ದು ಒಂದೇ ಚೀಟಿ ಪತ್ರಕ್ಕೂ ರಸೀದಿಗೂ ಒದಗಲಿ ಎಂದು. ನನ್ನ ಚೀಟಿಯಲ್ಲಿ ಆ ಮುಖ್ಯವಾದ ಪದದ ಮೇಲೆಯೇ ಮೊಹರು ಕೂತಿತ್ತು. ಒಂದರಲ್ಲಲ್ಲ, ನಾಲ್ಕರಲ್ಲೂ, ಅದೇ ಜಾಗದಲ್ಲಿ. ಅಂಚೆ ಕಚೇರಿಯಲ್ಲಿ ಅವಸರದಿಂದ ಕುಟ್ಟುವ ಮೊಹರು ಇಷ್ಟು ಶಿಸ್ತಾಗಿ ಬೀಳುವುದುಂಟೇ ಎಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಹೊಳೆದದ್ದು ರಾತ್ರಿ, ಭೂತಗನ್ನಡಿ ಹಿಡಿದು ಕೂತಾಗ. ಮೊಹರಿನ ಬಳೆಗೂ ಒಳಗಿನ ಇಸವಿಗೂ ನಡುವಿನ ಸಂದಿಯಲ್ಲಿ ಒಂದು ಪುಟ್ಟ ಕೊಕ್ಕೆ ಇಣುಕುತ್ತಿತ್ತು. ಶಾಯಿಯ ಗೀರಿರಬೇಕು ಎಂದುಕೊಂಡೆ. ಎರಡನೆಯ ಚೀಟಿಯಲ್ಲೂ ಅದೇ. ಅದು ಅರ್ಕಾವತ್ತು. ‘ಅಂಚೆ’ ಎಂಬ ಪದದಲ್ಲಿ ಅರ್ಕಾವತ್ತಿಗೆ ಏನು ಕೆಲಸ? ಹಾಗೆಯೇ ಹಿಂದಕ್ಕೆ ಹೋದರೆ ಟಕಾರದ ಕೊಂಬು, ಅದಕ್ಕೂ ಹಿಂದೆ ಮಸಿಯಡಿಯಲ್ಲಿ ಮುಳುಗಿದ್ದ ‘ಕೋ’. ಕೋರ್ಟು. ಅದರ ಮುಂದೆ ‘ಫೀ’. ಬೇಡವೆಂದರೂ ಪೂರ್ತಿ ಓದಿಸಿಕೊಂಡಿತು.

ಮರುದಿನ ಬೆಳಕಿಗೆ ಹಿಡಿದೆ. ಗಂಡಭೇರುಂಡದ ತಲೆಗಳಿರುವಲ್ಲಿ ಕಾಗದ ದಪ್ಪ. ಔಷಧಿ ಅಂಗಡಿಯವರ ಬಳಿ ನೋಟು ಪರೀಕ್ಷಿಸುವ ನೇರಳಾತೀತ ದೀಪವಿತ್ತು, ಅದರಡಿ ಇಟ್ಟೆ. ಚೀಟಿಯೆಲ್ಲ ಮಂಕಾಗಿದ್ದರೆ ನಡುವೆ ಬಟಾಣಿಯಷ್ಟಗಲ ನೀಲಿಬಿಳುಪಾಗಿ ಹೊಳೆಯಿತು. ಅದು ಇವತ್ತಿನ ಕಾಗದದ ತೇಪೆ. ಅದರ ಮೇಲೆ ತಲೆಗಳನ್ನು ಯಾರೋ ಕುಂಚದಲ್ಲಿ ತಿದ್ದಿದ್ದರು, ಕೆಲಸವೇನೋ ಚೆನ್ನಾಗಿತ್ತು. ತೂತು ಯಾಕೆ ಬಿದ್ದಿತ್ತು ಎಂದು ವಕೀಲ ಮಿತ್ರರು ತಿಳಿಸಿದರು. ಕೋರ್ಟ್ ಫೀ ಸ್ಟಾಂಪನ್ನು ರದ್ದು ಮಾಡುವುದೇ ತೂತು ಹೊಡೆದು. ಬ್ರಿಟಿಷ್ ಇಂಡಿಯಾದ 1870ರ ಕೋರ್ಟ್ ಫೀ ಕಾಯಿದೆಯ 30ನೆಯ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ: ಮೊತ್ತಕ್ಕೆ ಧಕ್ಕೆಯಾಗದಂತೆ ತಲೆಯ ಚಿತ್ರವನ್ನು ತೂತು ಹೊಡೆದು ತೆಗೆಯಬೇಕು, ತೆಗೆದ ತುಣುಕನ್ನು ಸುಡಬೇಕು ಅಥವಾ ನಾಶ ಮಾಡಬೇಕು. ಅಲ್ಲಿಗೆ ಕಥೆ ಪೂರ್ತಿಯಾಯಿತು. ಹಳೆಯ ದಾವೆಯ ಕಾಗದದಿಂದ ಬಿಡಿಸಿದ ಚೀಟಿಗೆ ತಲೆ ಕೂಡಿಸಿ, ಪದ ಮುಚ್ಚಿ, ಅಂಚೆಗೆ ಬಡ್ತಿ ಕೊಟ್ಟಿದ್ದರು.

ಕಂದಾಯದ ಸ್ಟಾಂಪು ಕೀಳೆಂದು ನಾನು ಹೇಳುತ್ತಿಲ್ಲ. ಅವನ್ನೇ ಪ್ರೀತಿಯಿಂದ ಸಂಗ್ರಹಿಸುವವರಿದ್ದಾರೆ, ಅವುಗಳ ಕಥೆ ಅಂಚೆಯದಕ್ಕಿಂತ ಸ್ವಾರಸ್ಯ ಎನ್ನುವವರೂ ಇದ್ದಾರೆ. ತೂತಿರುವ ಚೀಟಿಯನ್ನು ತೂತಿರುವ ಚೀಟಿ ಎಂದೇ ಮಾರಿದ್ದರೆ ನಾನೂ ಒಂದೆರಡು ನೂರು ಕೊಟ್ಟು ಕೊಳ್ಳುತ್ತಿದ್ದೆನೇನೋ. ವ್ಯಾಪಾರಿಗೆ ಫೋನು ಮಾಡಿದಾಗ ‘ನೋಡಿಕೊಂಡೇ ತೆಗೆದುಕೊಂಡಿರಲ್ಲ ಮೇಷ್ಟ್ರೇ’ ಎಂದ. ರಸೀದಿ ಕೇಳಿ ಪಡೆದಿರಲಿಲ್ಲ. ಕೊಟ್ಟಿದ್ದು ನಗದು.

ಇದಾದ ಮೇಲೆ ಮಾರಾಟಕ್ಕೆ ಬರುವ ಚೀಟಿಗಳ ಅಕ್ಷರಗಳನ್ನೇ ಮೊದಲು ಓದುವ ಚಟ ಹತ್ತಿದೆ. ವಿಕ್ಟೋರಿಯಾ ರಾಣಿಯ ನೀಲಿ ಅರ್ಧ ಆಣೆಯ ಮೇಲೆ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದಿರುವುದನ್ನು ತೋರಿಸಿ ‘ಕಂಪನಿ ಸರ್ಕಾರದ್ದು’ ಎನ್ನುತ್ತಾರೆ. ಕಂಪನಿಯ ಆಳ್ವಿಕೆ 1858ಕ್ಕೇ ಮುಗಿಯಿತು, ಆ ಬರಹ ಮಾತ್ರ 1882ರ ತನಕ ಮುಂದುವರಿಯಿತು. ಚೀಟಿಯ ಕಾಗದದಲ್ಲಿ ಆನೆಯ ತಲೆಯ ನೀರಚ್ಚು, ಎಂದರೆ ಬೆಳಕಿಗೆ ಹಿಡಿದರೆ ಕಾಣುವ ಗುರುತು, ಇದ್ದರೆ ಅದು 1865 ಅಥವಾ ಆಮೇಲಿನದು, ಕಂಪನಿಯ ಕಾಲದ್ದಲ್ಲ.

ಇನ್ನೂ ದೊಡ್ಡ ಗುಂಡಿ ಗಾಂಧೀಜಿಯ ಚೀಟಿಯದು. 1948ರ ಆಗಸ್ಟ್ 15ರಂದು ಬಂದ, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಆ ನಾಲ್ಕು ಚೀಟಿಗಳಲ್ಲಿ ನೂರು ಸೆಟ್‌ಗಳ ಮೇಲೆ ಮಾತ್ರ ಗವರ್ನರ್ ಜನರಲ್ ಕಚೇರಿಯ ಬಳಕೆಗಾಗಿ ‘ಸರ್ವಿಸ್’ ಎಂಬ ಇಂಗ್ಲಿಷ್ ಪದವನ್ನು ಮೇಲಚ್ಚು ಹಾಕಿದ್ದರು. ಹಾಗೆ ಅಚ್ಚಾದ ಹತ್ತು ರೂಪಾಯಿಯ ನಾಲ್ಕು ಚೀಟಿಗಳ ಒಂದು ಸಾಲು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಮೇಲಚ್ಚಿಲ್ಲದ ಒಂದೂವರೆ ಆಣೆಯದು ಅಗ್ಗಕ್ಕೆ ಸಿಗುತ್ತದೆ. ನಡುವಿನ ಅಂತರ ಏಳು ಇಂಗ್ಲಿಷ್ ಅಕ್ಷರ, ಒಂದಿಷ್ಟು ಕಪ್ಪು ಶಾಯಿ. ಮನೆಯಲ್ಲೇ ಒತ್ತಿದ ‘ಸರ್ವಿಸ್’ ಎಷ್ಟಿರಬಹುದು ಎಂದು ನೀವೇ ಊಹಿಸಿ. ಪರಿಣತರ ಪ್ರಮಾಣಪತ್ರವಿಲ್ಲದೆ ಅದನ್ನು ಮುಟ್ಟಲೂ ಹೋಗಬೇಡಿ. ಪ್ರಮಾಣಪತ್ರದಲ್ಲಿರುವ ಚಿತ್ರಕ್ಕೂ ಕೈಯಲ್ಲಿರುವ ಚೀಟಿಗೂ ಅಂಚಿನ ಹಲ್ಲುಗಳು ಒಂದೊಂದಾಗಿ ಹೊಂದುತ್ತವೆಯೇ ಎಂದು ಎಣಿಸಿ.

ಈ ಬರಹಕ್ಕೆ ಈಗ ಕೂತದ್ದಕ್ಕೆ ಕಾರಣವಿದೆ. ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಒಂದು ಚಿತ್ರ ಕಳುಹಿಸಿ, ‘ಸಾರ್, ಒಂಬತ್ತು ಸಾವಿರ ಹೇಳುತ್ತಿದ್ದಾರೆ, ತೆಗೆದುಕೊಳ್ಳಲೇ?’ ಎಂದು ಕೇಳಿದ್ದ. ಅದೇ ಗಂಡಭೇರುಂಡ, ಅದೇ 1886. ಮೊಹರು ಮಾತ್ರ ಕೂದಲೆಳೆಯಷ್ಟು ಬಲಕ್ಕೆ ಸರಿದಿದೆ. ಈ ಸಲ ಅರ್ಕಾವತ್ತು ಕಾಣಿಸುವುದಿಲ್ಲ.