ಫೀಡ್ ಲೈನಿಗೆ ಗ್ರೇಡ್ ಬಿ ಪೈಪೋ, ಗ್ರೇಡ್ ಸಿ ಪೈಪೋ?

ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಮುಗಿದು ಬಾಯ್ಲರ್ ತಣ್ಣಗಾದ ಮೇಲೆ ಬಾಯ್ಲರಿಗೆ ನೀರು ಒಯ್ಯುವ ಪೈಪು, ಅಂದರೆ ಫೀಡ್ ಲೈನ್ ಬದಲಿಸುವ ಮಾತು ಏಳುತ್ತದೆ. ‘ಎಸ್‌ಎ-106 ಗ್ರೇಡ್ ಸಿ ತಗೊಳ್ರಿ, ಗಟ್ಟಿ ಮಾಲು’ ಅನ್ನುತ್ತಾನೆ ಸ್ಟಾಕಿಸ್ಟ್. ಗಟ್ಟಿ ಹೌದು. ಎಸ್‌ಎ-106 ಅಂದರೆ ಉದ್ದಕ್ಕೆ ಜೋಡಣೆ ಇಲ್ಲದ (ಸೀಮ್‌ಲೆಸ್) ಕಾರ್ಬನ್ ಸ್ಟೀಲ್ ಪೈಪು, ಬಿ ಮತ್ತು ಸಿ ಅದರ ದರ್ಜೆಗಳು. ಬಿಯ ಟೆನ್ಸೈಲ್ (ಎಳೆದಾಗ ತುಂಡಾಗುವ ಮಟ್ಟ) ಕನಿಷ್ಠ 415 ಎಂಪಿಎ, ಸಿಯದು 485. ಯೀಲ್ಡ್ (ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಟ್ಟ) 240 ಮತ್ತು 275. ಎರಡನ್ನೂ ಹಾಕಿ ನೋಡಿದ ಮೇಲೆ ನಮ್ಮ ಮಾತು ಇಷ್ಟೇ: ಶೆಡ್ಯೂಲ್ (ಪೈಪ್ ಗೋಡೆಯ ದಪ್ಪದ ಶ್ರೇಣಿ) ಒಂದು ಮೆಟ್ಟಿಲು ಇಳಿಯದಿದ್ದರೆ ಸಿಗೆ ಹೆಚ್ಚು ದುಡ್ಡು ಸುರಿಯಬೇಡಿ.

87 ಕೆಜಿ (ಚದರ ಸೆಂ.ಮೀ.ಗೆ) ಒತ್ತಡದ ಬಾಯ್ಲರಿಗೆ ನೀರು ತಳ್ಳುವ ಪಂಪಿನ ಡಿಸ್ಚಾರ್ಜಿಗೆ 11.5 ಎಂಪಿಎ, 200 ಡಿಗ್ರಿ ಎಂದು ಹಿಡಿಯಿರಿ. ಅನುಮತಿಸಿದ ಸ್ಟ್ರೆಸ್ ಬಿಗೆ 118 ಎಂಪಿಎ, ಸಿಗೆ 138. ತುಕ್ಕಿಗೆ 1.5 ಮಿಮೀ, ಮಿಲ್ ಟಾಲರೆನ್ಸಿಗೆ (ತಯಾರಿಕೆಯಲ್ಲೇ ಗೋಡೆ ತೆಳುವಾಗಬಹುದಾದ ಪ್ರಮಾಣ) ಶೇ. 12.5 ಸೇರಿಸಿದರೆ 6 ಇಂಚಿನ ಪೈಪಿನಲ್ಲಿ ಬಿ 10.7 ಮಿಮೀ ಕೇಳುತ್ತದೆ, ಸಿ 9.5. ಶೆಡ್ಯೂಲ್ 40 ಬರೀ 7.11 ಮಿಮೀ, ಮುಂದಿನದು 80, ಅಂದರೆ 10.97. ಎರಡಕ್ಕೂ ಅದೇ ಪೈಪು! 8 ಇಂಚಿಗೆ ಬಂದರೆ ಲೆಕ್ಕ ತಿರುಗುತ್ತದೆ. ಬಿಗೆ 13.5 ಮಿಮೀ ಬೇಕು, ಶೆಡ್ಯೂಲ್ 100 ಹಾಕಲೇಬೇಕು, ಸಿಗೆ 11.8 ಸಾಕು, 80ರಲ್ಲೇ ಮುಗಿಯಿತು. ಮೀಟರಿಗೆ 75.9 ಕೆಜಿಯ ಜಾಗದಲ್ಲಿ 64.6 ಕೆಜಿ. ಅರವತ್ತು ಮೀಟರ್ ಲೈನಿಗೆ ಹತ್ತಿರಹತ್ತಿರ 680 ಕೆಜಿ ಉಳಿತಾಯ. ಇದು ಅಮೆರಿಕದ ಪವರ್ ಪೈಪಿಂಗ್ ಕೋಡ್ ಬಿ31.1ರ ಸೂತ್ರದ ಲೆಕ್ಕ. ಬಾಯ್ಲರ್ ಇಲಾಖೆಗೆ ಕೊಡುವ ಡ್ರಾಯಿಂಗಿಗೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸೂತ್ರದಲ್ಲಿ ಮತ್ತೆ ತೆಗೆಯಿರಿ.

ಈ ಉಳಿತಾಯ ಕರಗುವುದು ಎಲ್ಬೋದಲ್ಲಿ, ಅಂದರೆ ಪೈಪು ತಿರುಗುವ ಬಾಗಿನಲ್ಲಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಡಬ್ಲ್ಯೂಪಿಬಿ ದರ್ಜೆಯ ಎಲ್ಬೋ. ಅದರ ಬಲ ಗ್ರೇಡ್ ಬಿಯಷ್ಟೇ. ಹಾಗಾಗಿ ಎಲ್ಬೋ ಮಾತ್ರ ಶೆಡ್ಯೂಲ್ 100 ಇರಬೇಕು. ಆಗ ಎಲ್ಬೋ ಒಳವ್ಯಾಸ 188.9 ಮಿಮೀ, ಪೈಪಿನದು 193.7, ಸುತ್ತಲೂ 2.4 ಮಿಮೀ ತುಟಿ ಎದ್ದು ನಿಲ್ಲುತ್ತದೆ. ಫಿಟ್ಟರ್ ಹಾಗೇ ಜೋಡಿಸಿ ಟ್ಯಾಕ್ ಹಾಕಿದರೆ ರೂಟ್ (ವೆಲ್ಡಿನ ಮೊದಲ ಪದರ) ಒಂದು ಅಂಚಿಗೆ ಹಿಡಿಯುವುದಿಲ್ಲ, ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಕಾಣುತ್ತದೆ. ಎಲ್ಬೋ ಒಳಗಡೆ 10 ಮಿಮೀ ಉದ್ದಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಿಯೇ ಜೋಡಿಸಬೇಕು. ಎಲ್ಬೋ ಜಾಸ್ತಿ ಇರುವ ಲೈನಿಗೆ, 8 ಇಂಚಾದರೂ, ನಾವು ಬಿಯನ್ನೇ ಹೇಳುತ್ತೇವೆ.

ವೆಲ್ಡಿಂಗಿನಲ್ಲಿ ಬಿ ಸೌಮ್ಯ. ಅದರ ಕಾರ್ಬನ್ ಮಿತಿ ಶೇ. 0.30, ಸಿಯದು 0.35. ಎರಡಕ್ಕೂ ಟಿಗ್ (ಆರ್ಗಾನ್ ವೆಲ್ಡಿಂಗ್) ರೂಟ್, ಮೇಲೆ ಇ7018 ರಾಡ್ ನಡೆಯುತ್ತದೆ. ಸಿಗೆ ಮಾತ್ರ, ಗೋಡೆ ತೆಳುವಿದ್ದರೂ, ವೆಲ್ಡಿಗೆ ಮೊದಲು 100 ಡಿಗ್ರಿವರೆಗೆ ಕಾಯಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ ರಾಡ್ ನೇರ ಹಚ್ಚಿದರೆ ಹೈಡ್ರೋಜನ್ ಸೇರಿ ವೆಲ್ಡಿನ ಪಕ್ಕ ಬಿರುಕು ಬಿಡುವುದು ಸಿಯಲ್ಲೇ ಮೊದಲು.

ಮಾಲು ಇಳಿಸಿಕೊಳ್ಳುವಾಗ ಎಕ್ಸ್‌ಆರ್‌ಎಫ್ ಗನ್ (ಲೋಹದಲ್ಲಿ ಏನಿದೆ ಎಂದು ಓದುವ ಕೈಯಂತ್ರ) ನಂಬಬೇಡಿ. ಅದು ಕಾರ್ಬನ್ ಓದುವುದೇ ಇಲ್ಲ, ಬಿ ಮತ್ತು ಸಿ ಎರಡೂ ಅದರ ಕಣ್ಣಿಗೆ ಒಂದೇ. ಪೈಪಿನ ಮೇಲಿನ ಹೀಟ್ ನಂಬರನ್ನು (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ಫಾರ್ಮ್ 3-ಎ (ಐಬಿಆರ್ ಪೈಪ್ ಪ್ರಮಾಣಪತ್ರ) ಜೊತೆ ತಾಳೆ ನೋಡಿ, ಅನುಮಾನ ಬಂದರೆ ಕಾರ್ಬನ್ ಅಳೆಯುವ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಪರೀಕ್ಷೆಗೆ ತುಂಡು ಕಳಿಸಿ. ಎಸ್‌ಎ-53 ಇಆರ್‌ಡಬ್ಲ್ಯೂ ಪೈಪು, ಅಂದರೆ ಉದ್ದಕ್ಕೂ ವೆಲ್ಡ್ ಮಾಡಿದ್ದು, ಅಗ್ಗಕ್ಕೆ ಸಿಗುತ್ತದೆ. ಕೂಲಿಂಗ್ ನೀರಿಗೆ ಸರಿ, ಇಲ್ಲಿಗೆ ಬೇಡ. 515 ಡಿಗ್ರಿಯ ಮೇನ್ ಸ್ಟೀಮಿಗೆ ಬಿಯೂ ಇಲ್ಲ, ಸಿಯೂ ಇಲ್ಲ: 425 ಡಿಗ್ರಿ ದಾಟಿದ ಕಡೆ ವರ್ಷಗಟ್ಟಲೆ ಓಡಿದರೆ ಕಾರ್ಬನ್ ಸ್ಟೀಲಿನಲ್ಲಿ ಗ್ರಾಫೈಟ್ ಕಟ್ಟುತ್ತದೆ.

ಸವೆತದ ವಿಷಯದಲ್ಲಿ ಇಬ್ಬರೂ ಸಮ. 150 ಡಿಗ್ರಿ ಆಸುಪಾಸಿನ ಫೀಡ್ ನೀರು ಕಂಟ್ರೋಲ್ ವಾಲ್ವ್ ದಾಟಿ ಮೊದಲ ಎಲ್ಬೋಗೆ ಬಡಿಯುವಲ್ಲಿ, ಪಿಎಚ್ 9ರ ಕೆಳಗಿದ್ದರೆ, ಗೋಡೆ ಒಳಗಿಂದ ತೆಳುವಾಗುತ್ತಾ ಬರುತ್ತದೆ. ಅಲ್ಲಿ ಗ್ರೇಡ್ ಏರಿಸಿ ಲಾಭವಿಲ್ಲ, ಬೇಕಿರುವುದು ಕ್ರೋಮಿಯಂ. ಆ ಎಲ್ಬೋ ಒಂದನ್ನು ಕ್ರೋಮಿಯಂ ಇರುವ ಡಬ್ಲ್ಯೂಪಿ11ಕ್ಕೆ ಬದಲಿಸಿದರೆ ಸಾಕು. ಎವಾಪೊರೇಟರಿನಿಂದ ಫೀಡ್ ನೀರಾಗಿ ಬರುವ ಕಂಡೆನ್ಸೇಟಿನಲ್ಲಿ (ಹಬೆ ತಣಿದ ನೀರು) ಸಕ್ಕರೆ ಸೇರಿದರೆ ಅದು ಬಾಯ್ಲರಿನಲ್ಲಿ ಒಡೆದು ಆಮ್ಲವಾಗಿ ಬಾಯ್ಲರ್ ನೀರಿನ ಪಿಎಚ್ ಕುಸಿಯುತ್ತದೆ. ಸಕ್ಕರೆ ಪತ್ತೆಗೆ ಆಲ್ಫಾ ನ್ಯಾಫ್ಥಾಲ್ ಮತ್ತು ಗಂಧಕಾಮ್ಲ ಹಾಕಿದ ಟೆಸ್ಟ್ ಟ್ಯೂಬಿನಲ್ಲಿ ನೇರಳೆ ಉಂಗುರ ಕಂಡ ತಕ್ಷಣ ಆ ಕಂಡೆನ್ಸೇಟನ್ನು ಚರಂಡಿಗೆ ತಿರುಗಿಸಿ.