ಗಿಡ್ಡ ಸ್ಪ್ರಿಂಗೋ, ದಪ್ಪ ಬಾರೋ, ಕಾಯಿಲೋವರೋ?

ಮುಂದಿನ ಚಕ್ರ ಎಳೆಯುವ ಒಂದೇ ಹ್ಯಾಚ್‌ಬ್ಯಾಕಿಗೆ, ಟೈರು ಬದಲಿಸದೆ, ಗಿಡ್ಡ ಸ್ಪ್ರಿಂಗ್, ದಪ್ಪ ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಗಾಡಿ ವಾಲುವುದನ್ನು ತಡೆಯುವ ಸರಳು), ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ), ಈ ಮೂರನ್ನೂ ಹಾಕಿ ಓಡಿಸಿದ್ದೇನೆ. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಬೇಕು ಅನ್ನುವುದಷ್ಟೇ ಆಸೆಯಾದರೆ, ನನ್ನ ಓಟು ಹಿಂದಿನ ಚಕ್ರಗಳ ಆಂಟಿ ರೋಲ್ ಬಾರ್‌ಗೆ.

ಗಿಡ್ಡ ಸ್ಪ್ರಿಂಗ್ ಹಾಕಿದರೆ ಗಾಡಿ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ವಾಲುವುದು ಮಾತ್ರ ಅಂದುಕೊಂಡಷ್ಟು ಕಡಿಮೆಯಾಗಲಿಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಅಬ್ಸಾರ್ಬರೇ ಚಕ್ರವನ್ನು ಹಿಡಿದಿಡುವ ಕಂಬವೂ ಆಗಿರುವ ಸಸ್ಪೆನ್ಶನ್) ಇರುವ ಗಾಡಿ ತಗ್ಗಿದಾಗ ರೋಲ್ ಸೆಂಟರ್, ಅಂದರೆ ಗಾಡಿಯ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಡಿ ವಾಲಲು ನೋಡುತ್ತದೆ. ಸ್ಪ್ರಿಂಗ್ ಬಿಗಿಯಾದ ಲಾಭದಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಸಾಲದ್ದಕ್ಕೆ ಕಂಪನಿಯ ಶಾಕ್ ಅಬ್ಸಾರ್ಬರ್‌ಗೆ ಈ ಸ್ಪ್ರಿಂಗನ್ನು ಹಿಡಿದಿಡುವ ಶಕ್ತಿಯಿಲ್ಲ. ತಿರುವಿನ ನಡುವೆ ಗುಂಡಿ ಸಿಕ್ಕರೆ ಬಂಪ್ ಸ್ಟಾಪಿಗೆ (ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್ ತುಂಡಿಗೆ) ಬಡಿದು ಹಿಡಿತ ತಪ್ಪುತ್ತದೆ.

ಬಾರ್ ವಿಷಯ ಬೇರೆ. ಗಟ್ಟಿ ಸರಳಿನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವುದರಿಂದ, 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೂ ಸುಮಾರು ಶೇ. 46ರಷ್ಟು ಹೆಚ್ಚು. ಒಳಗಿನಿಂದ ಹೊರಗಿನ ಚಕ್ರಕ್ಕೆ ಸಾಗುವ ಒಟ್ಟು ಭಾರವನ್ನು ಅದು ತಗ್ಗಿಸುವುದಿಲ್ಲ, ಹೆಚ್ಚಿನ ಪಾಲನ್ನು ಹಿಂದಕ್ಕೆ ಹಂಚುತ್ತದೆ. ಮುಂದಿನ ಎರಡು ಟೈರುಗಳು ಭಾರವನ್ನು ಹೆಚ್ಚು ಸಮನಾಗಿ ಹೊತ್ತು ನೆಲ ಕಚ್ಚುತ್ತವೆ. ಮೊದಲು ಮೂಗು ಹೊರಗೆ ಜಾರುತ್ತಿದ್ದ ತಿರುವಿನಲ್ಲಿ ಈಗ ಸ್ಟಿಯರಿಂಗ್ ಕಡಿಮೆ ತಿರುಗಿಸಿದರೂ ಸಾಕು. ಎರಡೂ ಚಕ್ರ ಒಟ್ಟಿಗೆ ಏರುವ ಹಂಪಿನಲ್ಲಿ ವ್ಯತ್ಯಾಸವೇ ತಿಳಿಯದು. ಒಂದೇ ಚಕ್ರ ಗುಂಡಿಗೆ ಇಳಿದಾಗ ಮೈ ಪಕ್ಕಕ್ಕೆ ಕುಲುಕುತ್ತದೆ. ಮಳೆಯಲ್ಲಿ, ತಿರುವಿನ ನಡುವೆ ಥಟ್ಟನೆ ಆಕ್ಸಲರೇಟರ್ ಬಿಟ್ಟರೆ ಹಿಂಭಾಗ ಜಾರಬಹುದು. ಹೊಸಬರ ಕೈಗೆ ಕೊಡುವ ಗಾಡಿಯಾದರೆ ಇದನ್ನು ಯೋಚಿಸಿಯೇ ಹಾಕಿ.

ಕಾಯಿಲೋವರ್ ಮೂರರಲ್ಲೂ ಮೇಲು, ಆದರೆ ಕೂತು ಹದ ಮಾಡುವ ತಾಳ್ಮೆ ಇದ್ದವರಿಗೆ. ಸ್ಪ್ರಿಂಗ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಂದಕ್ಕೊಂದು ಹೊಂದುವಂತೆ ಬರುವುದರಿಂದ ಎಡಕ್ಕೂ ಬಲಕ್ಕೂ ಬೇಗ ಬೇಗ ತಿರುಗಿಸಿದರೂ ಗಾಡಿ ತೂಗಾಡುವುದಿಲ್ಲ. ಡ್ಯಾಂಪರ್ ಬಿಗಿತವನ್ನು ಗಟ್ಟಿಯ ಕಡೆ ತಿರುಗಿಸಿದಷ್ಟೂ ವೇಗ ಎಂಬ ನಂಬಿಕೆ ಮಾತ್ರ ಸುಳ್ಳು: ಒರಟು ರಸ್ತೆಯಲ್ಲಿ ಟೈರು ಪುಟಿಯುತ್ತದೆ, ಗಾಳಿಯಲ್ಲಿರುವ ಟೈರಿಗೆ ಹಿಡಿತವೆಲ್ಲಿ? ಕೆಸರು ಕೂತರೆ ಎತ್ತರ ಹೊಂದಿಸುವ ತಿರುಪಿನ ಮರೆಗಳೂ ಕಚ್ಚಿಕೊಳ್ಳುತ್ತವೆ.

ಸ್ಪ್ರಿಂಗ್ ಆಗಲಿ ಕಾಯಿಲೋವರ್ ಆಗಲಿ, ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಬದಲಾಗುತ್ತವೆ. ಅಲೈನ್‌ಮೆಂಟ್ ಮಾಡಿಸದೆ ಯಾವುದು ಮೇಲೆಂದು ತೀರ್ಮಾನಿಸಬೇಡಿ.